ಕೈ ಮೆಷಿನ್ನೋ ಕಾಲು ಮೆಷಿನ್ನೋ, ಹಳೆ ಕೌದಿಯೋ ಹೊಸದೋ: ಯಾವುದಕ್ಕೆ ಯಾವುದು ಸರಿ

ಆಯಿಯ ಕೌದಿ, ಅಂದರೆ ಹಳೆ ಬಟ್ಟೆಯ ಪದರಗಳನ್ನು ಸೇರಿಸಿ ಹೊಲಿದ ಹೊದಿಕೆ, ನಡುವೆ ಗೇಣುದ್ದ ಹರಿದಿತ್ತು. ಮನೆಯಲ್ಲಿ ಕಾಲಲ್ಲಿ ತುಳಿದು ಹೊಲಿಯುವ ಕಾಲು ಮೆಷಿನ್ ಇತ್ತು, ಅದೂ ಆಯಿಯದೇ. ಒಂದು ತೇಪೆ ಇಟ್ಟು ಸುತ್ತಲೂ ಮೆಷಿನ್ ಹೊಡೆದೆ, ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಮುಂದಿನ ತಿಂಗಳು ಒಗೆದಾಗ ನೋಡಿದರೆ ತೇಪೆ ಗಟ್ಟಿಯಾಗಿಯೇ ಇದೆ, ಅದರ ಸುತ್ತಲಿನ ಹಳೆ ಬಟ್ಟೆ ಮಾತ್ರ ಹೊಲಿಗೆಯ ಗೆರೆಗುಂಟ ನಾಲ್ಕೂ ಕಡೆ ಬಿಟ್ಟುಕೊಂಡಿದೆ. ಅಂಚೆಚೀಟಿ ಹಾಳೆಯಲ್ಲಿ ತೂತುಗಳ ಸಾಲಿರುತ್ತದಲ್ಲ, ಹಾಗೆ ಮೆಷಿನ್ ಸೂಜಿ ಒತ್ತೊತ್ತಾಗಿ ತೂತು ಹಾಕಿತ್ತು. ನಲವತ್ತು ವರ್ಷ ಒಗೆದು ತೆಳುವಾದ ಬಟ್ಟೆ ಆ ಗೆರೆಯಲ್ಲೇ ಹರಿಯಿತು. ಗೇಣುದ್ದದ ಹರಕು ಮೊಳದಷ್ಟಾಯಿತು. ಇವತ್ತಿಗೂ ನೆನೆದರೆ ಹೊಟ್ಟೆ ಚುರ್ ಅನ್ನುತ್ತದೆ.

ಆಮೇಲೆ ಹಳೆ ಮೆಷಿನ್, ಹಳೆ ಕೌದಿ ಎರಡರ ಬಗ್ಗೆಯೂ ಸರಿಯಾಗಿ ಕಲಿಯಬೇಕು ಅನ್ನಿಸಿತು. ಈಗ ಮನೆಯಲ್ಲಿ ನಾಲ್ಕು ಮೆಷಿನ್, ಏಳು ಕೌದಿ ಇವೆ. ಗೆಳತಿಯರು "ಯಾವ ಮೆಷಿನ್ ತಗೊಳ್ಳಲಿ?" ಅಂತ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ ಮಾತು: ಅದರ ಸೂಜಿ ಕೆಳಗೆ ಯಾವ ಬಟ್ಟೆ ಇಡುತ್ತೀರಿ? ಹೊಸ ತುಂಡುಗಳಾ, ಅಮ್ಮ ಉಟ್ಟು ಬಿಟ್ಟ ಸೀರೆಯಾ, ಐವತ್ತು ವರ್ಷದ ಕೌದಿಯಾ? ಅದು ಗೊತ್ತಾದರೆ ಮೆಷಿನ್ ಆರಿಸುವುದು ಕಷ್ಟ ಅಲ್ಲ.

ಕೈ, ಕಾಲು, ಮೋಟರ್

ಕೈ ಮೆಷಿನ್‌ಗೆ ಒಂದು ಕೊರತೆ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬಲಗೈ ಹಿಡಿಕೆ ತಿರುಗಿಸುತ್ತಿರುತ್ತದೆ, ಬಟ್ಟೆ ನಡೆಸೋಕೆ ಎಡಗೈ ಒಂದೇ ಉಳಿಯುತ್ತದೆ. ಉದ್ದುದ್ದ ಹೊಲಿಗೆಗೆ ಇದು ಬೇಜಾರು. ಆದರೆ ಸಣ್ಣ ತುಂಡುಗಳನ್ನು ಜೋಡಿಸುವಾಗ ಇದರಷ್ಟು ಹೇಳಿದ ಮಾತು ಕೇಳುವ ಮೆಷಿನ್ ಬೇರೆ ಇಲ್ಲ. ಹಿಡಿಕೆ ಒಂದು ಸುತ್ತು ಬಂದರೆ ಸೂಜಿ ಮೂರು ಸಲ ಇಳಿಯುತ್ತದೆ. ಕಾಲು ಸುತ್ತು ತಿರುಗಿಸಿ ನಿಲ್ಲಿಸಿದರೆ ಅಲ್ಲೇ ನಿಲ್ಲುತ್ತದೆ. ಮೂಲೆ ಬಂದಾಗ ಸೂಜಿಯನ್ನು ಬಟ್ಟೆಯೊಳಗೇ ಬಿಟ್ಟು, ಬಟ್ಟೆಯನ್ನು ಒತ್ತಿ ಹಿಡಿಯುವ ಫುಟ್ ಎತ್ತಿ, ಬಟ್ಟೆ ತಿರುಗಿಸಿಕೊಂಡರೆ ಮೂಲೆ ಚೂಪಾಗಿ ಬರುತ್ತದೆ. ಕರೆಂಟ್ ಬೇಡ, ನೆಲದ ಮೇಲೆ ಇಟ್ಟುಕೊಂಡು ಕೂರಬಹುದು, ಬಾಡಿಗೆ ಮನೆ ಬದಲಿಸುವವರು ಎತ್ತಿಕೊಂಡು ಹೋಗಬಹುದು. ಮಕ್ಕಳಿಗೆ ಕಲಿಸೋಕೂ ಇದೇ ಒಳ್ಳೆಯದು.

ಕಾಲು ಮೆಷಿನ್‌ನಲ್ಲಿ ಎರಡೂ ಕೈ ಖಾಲಿ. ಇದೊಂದೇ ಕಾರಣಕ್ಕೆ ಸೀರೆ ಉದ್ದದ ಹೊಲಿಗೆ, ಅಂಚು ಮಡಚಿ ಹೊಡೆಯುವುದು, ದೊಡ್ಡ ಮೇಲ್ಪದರ ಜೋಡಿಸುವುದು ಎಲ್ಲಕ್ಕೂ ನಾನು ಇದನ್ನೇ ನಂಬಿದ್ದೇನೆ. ಬಟ್ಟೆಯ ಭಾರವನ್ನು ಹಲಗೆ ಹೊರುತ್ತದೆ. ಕಾಲಿನ ಲಯ ಸಿಗೋಕೆ ಒಂದು ವಾರ ಬೇಕು. ಶುರು ಮಾಡುವಾಗ ಮೇಲಿನ ಚಕ್ರವನ್ನು ಕೈಯಿಂದ ನಿಮ್ಮ ಕಡೆಗೆ ತಿರುಗಿಸಿ, ಆಮೇಲೆ ಪೆಡಲ್ ತುಳಿಯಬೇಕು. ಮರೆತು ಹಿಂದಕ್ಕೆ ಓಡಿತೋ, ದಾರ ಕಡಿದು, ಕೆಳಗಿನ ದಾರ ಸುತ್ತಿಡುವ ಬಾಬಿನ್ ಹತ್ತಿರ ಗಂಟು ಕಟ್ಟಿಕೊಳ್ಳುತ್ತದೆ. ಚರ್ಮದ ಬೆಲ್ಟ್ ಸಡಿಲವಾದರೆ ಹೊಸದು ಕೊಳ್ಳುವ ಅವಸರ ಬೇಡ. ಕೊಂಡಿ ಬಿಚ್ಚಿ ಅರ್ಧ ಇಂಚು ಕತ್ತರಿಸಿ ಮತ್ತೆ ಸಿಕ್ಕಿಸಿದರೆ ಸಾಕು. ಜಾಗ ಮಾತ್ರ ಬೇಕೇ ಬೇಕು. ಎರಕದ ಕಬ್ಬಿಣದ ಸ್ಟ್ಯಾಂಡು ಒಂದು ಸಲ ಇಟ್ಟಲ್ಲಿ ಇಟ್ಟ ಹಾಗೆ.

ಎರಡೂ ಬೇಕು ಅನ್ನುವವರಿಗೆ ಒಂದು ದಾರಿ ಇದೆ. ಪೂರ್ತಿ ಗಾತ್ರದ ತಲೆಯನ್ನು, ಅಂದರೆ ಮೆಷಿನ್‌ನ ಮೇಲ್ಭಾಗವನ್ನು, ಕಾಲು ಸ್ಟ್ಯಾಂಡಿನ ಮೇಲೂ ಕೂರಿಸಬಹುದು, ಮರದ ತಳ ಮಾಡಿಸಿ ಕೈ ಹಿಡಿಕೆ ಜೋಡಿಸಿಯೂ ಬಳಸಬಹುದು. ಹಿಡಿಕೆಯ ಸೆಟ್ಟು ಬಿಡಿಭಾಗದ ಅಂಗಡಿಗಳಲ್ಲಿ ಹೊಸದೇ ಸಿಗುತ್ತದೆ. ಒಂದು ಷರತ್ತು, ಮೆಷಿನ್ನಿನ ಚಕ್ರದಲ್ಲಿ ಅರೆಗಳಿರಬೇಕು, ಅಂದರೆ ನಡುವಿನಿಂದ ಅಂಚಿಗೆ ಹೋಗುವ ಕಡ್ಡಿಗಳು. ಮುಚ್ಚಿದ ಚಕ್ರ ಇದ್ದರೆ ಹಿಡಿಕೆಗೆ ಹಿಡಿತ ಸಿಗುವುದಿಲ್ಲ, ಚಕ್ರವನ್ನೂ ಬದಲಿಸಬೇಕಾಗುತ್ತದೆ.

ಮೋಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದಿನಾ ಹೊಲಿದು ಸಂಪಾದಿಸುವವರಿಗೆ ಬೇಕು, ತಪ್ಪೇನಿಲ್ಲ. ಕೌದಿ ಕೆಲಸಕ್ಕೆ ಮಾತ್ರ ನಾನು ಹಾಕಿಸುವುದಿಲ್ಲ, ಯಾಕಂದರೆ ದಪ್ಪ ಜಾಗದಲ್ಲಿ ಸೂಜಿ ತಡವರಿಸಿದ್ದು ಕೈಗೆ, ಕಾಲಿಗೆ ಗೊತ್ತಾಗುತ್ತದೆ, ಮೋಟರ್‌ಗೆ ಗೊತ್ತಾಗುವುದಿಲ್ಲ, ಅದು ಸೂಜಿ ಮುರಿದೇ ನಿಲ್ಲುತ್ತದೆ. ಹಳೆ ಕಾಲದಲ್ಲೇ ಮೋಟರ್ ಕೂರಿಸಿಕೊಂಡು ಬಂದ ಮೆಷಿನ್ ಸಿಕ್ಕರೆ ವೈರ್ ಬಗ್ಗಿಸಿ ನೋಡಿ. ಮೇಲಿನ ಕವಚ ಬಿರುಕು ಬಿಟ್ಟಿದ್ದರೆ ಪ್ಲಗ್ ಹಾಕಲೇಬೇಡಿ, ಮೊದಲು ವೈರ್ ಬದಲಿಸಿ. ಅಮೆರಿಕದಲ್ಲಿರುವ ಅಕ್ಕನೋ ಅಣ್ಣನೋ ಅಲ್ಲಿಂದ ಪುಟ್ಟ ಸಿಂಗರ್ 221 ತಂದುಕೊಟ್ಟರೆ ಇನ್ನೊಂದು ಎಚ್ಚರ. ಅದು 110 ವೋಲ್ಟ್‌ನದು. ನಮ್ಮ 230ಕ್ಕೆ ನೇರ ಹಾಕಿದರೆ ಮೋಟರ್ ಸುಟ್ಟುಹೋಗುತ್ತದೆ. ಅಲ್ಯೂಮಿನಿಯಂ ಮೈಯ, ಸುಮಾರು 5 ಕೆಜಿ ತೂಗುವ ಚೆಂದದ ಮೆಷಿನ್ ಅದು. ಪ್ರೀತಿಯಿಂದ ಇಟ್ಟುಕೊಳ್ಳಿ, ಟ್ರಾನ್ಸ್‌ಫಾರ್ಮರ್ ಜೊತೆಗೆ.

ಹೆಸರು ನೋಡಬೇಡಿ, ಬಾಬಿನ್ ನೋಡಿ

ಹಳೆ ಮೆಷಿನ್ ಅಂದ ಕೂಡಲೇ ಎಲ್ಲರ ಬಾಯಲ್ಲಿ ಬರುವುದು ಸಿಂಗರ್. ನಮ್ಮ ಕಡೆಯ ಮನೆಗಳಲ್ಲಿ ಸಿಗುವ ಹಳೆ ಸಿಂಗರ್‌ಗಳಲ್ಲಿ ಬಹಳಷ್ಟು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯವು. ಆ ಕಾರ್ಖಾನೆ 1880ರ ದಶಕದಲ್ಲಿ ಶುರುವಾಗಿ 1980ರಲ್ಲಿ ಮುಚ್ಚಿತು, ಆದರೆ ಅಲ್ಲಿ ಸಿಂಗರ್ ಅನ್ನೋ ಹೆಸರಿನ ರೈಲ್ವೆ ಸ್ಟೇಷನ್ ಇವತ್ತಿಗೂ ಇದೆ. ಮಾಡೆಲ್ ಸಂಖ್ಯೆಯ ಕೊನೆಗೆ ಕೆ ಅಕ್ಷರ ಇದ್ದರೆ, 99ಕೆ, 201ಕೆ ಅನ್ನುವ ಹಾಗೆ, ಅದು ಅಲ್ಲಿಯದು. ಮೆಷಿನ್ನಿನ ತಳದ ಬಲಗಡೆ ಕೆತ್ತಿದ ಸೀರಿಯಲ್ ನಂಬರ್ ಇರುತ್ತದೆ, ಅದರಿಂದ ಹುಟ್ಟಿದ ವರ್ಷ ಹುಡುಕಬಹುದು. ಇಎ, ಇಬಿ ಅಂತ ಇ ಅಕ್ಷರದಿಂದ ಶುರುವಾಗುವ ಜೋಡಿ ಅಕ್ಷರದವು 1930ರ ದಶಕದ ನಡುವಿನಿಂದ ಈಚೆಗಿನವು.

ಕೊಳ್ಳುವಾಗ ಮಾತ್ರ ಈ ಹೆಸರು, ವರ್ಷ ಎಲ್ಲ ಆಮೇಲೆ. ಮೊದಲು ಬಾಬಿನ್ ಜಾಗದ ತಟ್ಟೆ ಸರಿಸಿ. ಒಳಗೆ ದೋಣಿಯಂಥ ಉದ್ದ ಶಟಲ್, ಅದರೊಳಗೆ ಕಡ್ಡಿಯಂಥ ಉದ್ದ ಬಾಬಿನ್ ಇದ್ದರೆ ಅದು ಸಿಂಗರ್‌ನ 27, 28 ಮಾಡೆಲ್ ಅಥವಾ ಅವುಗಳ ಕುಲದ್ದು. ಹೊಲಿಗೆ ನೇರವಾಗಿ, ಮುದ್ದಾಗಿ ಬರುತ್ತದೆ. ಆದರೆ ಶಟಲ್ ಕಳೆದುಹೋಗಿದ್ದರೆ ಆ ಮೆಷಿನ್ ಬೇಡವೇ ಬೇಡ, ಎಷ್ಟೇ ಅಗ್ಗ ಆದರೂ. ಶಟಲ್ ಹುಡುಕುವುದರಲ್ಲಿ ವರ್ಷ ಕಳೆಯುತ್ತದೆ. ಮೇಲಿನಿಂದಲೇ ದುಂಡು ಬಾಬಿನ್ ಇಳಿಸುವಂತಿದ್ದರೆ ಅದು 66 ಅಥವಾ ಅದರ ಚಿಕ್ಕ ತಂಗಿ 99. ಇವು ದಾರಕ್ಕೆ ಅಷ್ಟು ಕಿರಿಕಿರಿ ಮಾಡುವುದಿಲ್ಲ. ಎಡಗಡೆಯಿಂದ ಬಾಬಿನ್ ಕೇಸ್, ಅಂದರೆ ಬಾಬಿನ್ ಕೂರುವ ಪುಟ್ಟ ಡಬ್ಬಿ, ಸಿಕ್ಕಿಸುವಂತಿದ್ದರೆ ಅದು 15ರ ಕುಲ.

ನನ್ನನ್ನು ಕೇಳಿದರೆ ಮೊದಲ ಮೆಷಿನ್ ಈ 15ರ ಕುಲದ್ದೇ ಆಗಿರಲಿ, ಅದರಲ್ಲೂ ಹಳೆ ಉಷಾ ಆದರೆ ಇನ್ನೂ ಒಳ್ಳೆಯದು. 1930ರ ದಶಕದಲ್ಲಿ ಕಲ್ಕತ್ತಾದಲ್ಲಿ ಶುರುವಾದ ಉಷಾದ ಸಾದಾ ಮೆಷಿನ್ನುಗಳು ಇದೇ ಮಾದರಿಯವು, ಲೂಧಿಯಾನದಲ್ಲಿ ತಯಾರಾದ ಎಷ್ಟೋ ಮೆಷಿನ್‌ಗಳೂ ಇದೇ. ಹಾಗಾಗಿ ಬಾಬಿನ್, ಬಾಬಿನ್ ಕೇಸ್, ಟೆನ್ಷನ್ ಸ್ಪ್ರಿಂಗ್, ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲು ಎಲ್ಲ ಯಾವ ತಾಲ್ಲೂಕು ಕೇಂದ್ರದ ಅಂಗಡಿಯಲ್ಲಾದರೂ ಸಿಗುತ್ತವೆ, ರಿಪೇರಿ ಮಾಡುವವರ ಕೈಗೂ ಪಳಗಿರುತ್ತವೆ. ಬಂಗಾರದ ಬಳ್ಳಿ ಬಿಡಿಸಿದ ಸಿಂಗರ್ ಕಣ್ಣಿಗೆ ಹಬ್ಬ, ನಿಜ. ನನ್ನ ಹತ್ತಿರವೂ ಒಂದಿದೆ. ಆದರೆ ರಾತ್ರಿ ಒಂಬತ್ತಕ್ಕೆ ಕೂತು ಕೆಲಸ ಮುಗಿಸಬೇಕಾದಾಗ ನನ್ನ ಕೈ ಹೋಗುವುದು ಉಷಾ ಕಡೆಗೆ.

ಸೂಜಿಯ ವಿಷಯವೂ ಇಲ್ಲೇ. ಮೇಲೆ ಹೇಳಿದ ಎಲ್ಲ ಮೆಷಿನ್ನಿಗೂ ಅಂಗಡಿಯ ಸಾಮಾನ್ಯ ಎಚ್‌ಎ 1 ಸೂಜಿ ಆಗುತ್ತದೆ. ಇವಕ್ಕಿಂತ ಹಳೆಯ, ಪಿಟೀಲಿನ ಹಾಗೆ ನಡು ಸಣ್ಣಗಿರುವ ತಳದ ಸಿಂಗರ್ 12 ಸಿಕ್ಕರೆ ಅದರ ಸೂಜಿ ಬೇರೆ, ಈಗ ಹುಡುಕಿದರೂ ಕಷ್ಟ. ಅದನ್ನು ಹೊಲಿಯೋಕೆ ಅಂತ ಕೊಳ್ಳಬೇಡಿ. ತೆಳು ಹತ್ತಿಗೆ 11 ಅಥವಾ 14 ನಂಬರ್ ಸೂಜಿ, ಎರಡು ಮೂರು ಪದರ ಸೇರುವ ಕಡೆ 16, ಅದಕ್ಕೂ ದಪ್ಪಕ್ಕೆ 18. ಹಾಕುವಾಗ ಸೂಜಿಯ ಉದ್ದ ಗೀರು ಯಾವ ಕಡೆ ಇದೆಯೋ ಆ ಕಡೆಯಿಂದಲೇ ದಾರ ಪೋಣಿಸಬೇಕು. "ಮೆಷಿನ್ ಹೊಲಿಯಲ್ಲ, ದಾರ ಬಿಟ್ಟು ಬಿಟ್ಟು ಹೋಗುತ್ತೆ" ಅಂತ ಕಡಿಮೆ ಬೆಲೆಗೆ ಮಾರುತ್ತಾರಲ್ಲ, ಅಂಥ ಎಷ್ಟೋ ಮೆಷಿನ್ನುಗಳಲ್ಲಿ ಸೂಜಿ ತಿರುಗುಮುರುಗಾಗಿ ಕೂತಿರುತ್ತದೆ, ಅಷ್ಟೇ.

ತಿರುಗದ ಚಕ್ರಕ್ಕೆ ಹೆದರಬೇಡಿ

ನನ್ನ ಕೈ ಮೆಷಿನ್ ಸಿಕ್ಕಿದ್ದು ಗುಜರಿ ಅಂಗಡಿಯಲ್ಲಿ, 1,800 ರೂಪಾಯಿಗೆ. ಚಕ್ರ ಒಂದಿಂಚೂ ಅಲುಗಾಡುತ್ತಿರಲಿಲ್ಲ. ಮೂಸಿ ನೋಡಿದೆ, ಕಮಟು ಹಿಡಿದ ಕೊಬ್ಬರಿ ಎಣ್ಣೆಯ ವಾಸನೆ. ಮನೆಯಲ್ಲಿ ಕೈಗೆ ಸಿಗುವುದು ಅದೇ ಅಲ್ವಾ, ಮೆಷಿನ್ ಕಿರ್ ಅಂದಾಗ ಎರಡು ಹನಿ ಅದನ್ನೇ ಬಿಟ್ಟಿರುತ್ತಾರೆ. ವರ್ಷಗಟ್ಟಲೆ ಕೂತರೆ ಅದು ಅಂಟಾಗಿ, ಆಮೇಲೆ ಗಟ್ಟಿ ಅರಗಿನ ಹಾಗೆ ಆಗುತ್ತದೆ. ಎಣ್ಣೆಯ ತೂತುಗಳಿಗೆಲ್ಲ ಸೀಮೆಎಣ್ಣೆ ಹನಿಹನಿಯಾಗಿ ಬಿಟ್ಟು ಒಂದು ರಾತ್ರಿ ಇಟ್ಟೆ. ಬೆಳಿಗ್ಗೆ ಚಕ್ರ ಒಂದು ಕೂದಲೆಳೆಯಷ್ಟು ಅಲುಗಿತು. ಮತ್ತೆ ಬಿಟ್ಟೆ. ಮೂರನೇ ದಿನ ಪೂರ್ತಿ ಒಂದು ಸುತ್ತು ಬಂತು. ಒತ್ತಾಯ ಮಾಡಿ ತಿರುಗಿಸಿದ್ದರೆ ಒಳಗೆ ಏನಾದರೂ ಮುರಿಯುತ್ತಿತ್ತು. ಆಮೇಲೆ ಸೀಮೆಎಣ್ಣೆ ಒರೆಸಿ ತೆಗೆದು ಮೆಷಿನ್ ಆಯಿಲ್ ಹಾಕಿದೆ. ಇದನ್ನು ಮರೆಯಬಾರದು, ಸೀಮೆಎಣ್ಣೆ ತೊಳೆಯುತ್ತದೆ, ಜಾರಿಕೆ ಕೊಡುವುದಿಲ್ಲ.

ಸೂಜಿ ಕೆಳಗಿನ ತಟ್ಟೆಯ ಎರಡು ತಿರುಪು ಬಿಚ್ಚಿದಾಗ ಹಲ್ಲುಗಳ ಸಂದಿನಲ್ಲಿ ದಾರದ ಧೂಳು ಕಂಬಳಿಯ ಹಾಗೆ ಗಟ್ಟಿಯಾಗಿ ಕೂತಿತ್ತು. ಪಿನ್ನಿನಿಂದ ಎಬ್ಬಿಸಿದರೆ ಪದರ ಪದರವಾಗಿ ಬಂತು: ಮೇಲೆ ಬಿಳಿ, ಅದರ ಕೆಳಗೆ ತೆಳ್ಳಗೆ ಕೆಂಪು, ಕಟ್ಟಕಡೆಗೆ ದಪ್ಪ ಖಾಕಿ. ಯಾವುದೋ ಮನೆಯಲ್ಲಿ ಯಾರೋ ಹೆಣ್ಣುಮಗಳು ಜೂನ್ ತಿಂಗಳಲ್ಲಿ ಸಾಲಾಗಿ ಶಾಲೆಯ ಖಾಕಿ ಚಡ್ಡಿ ಹೊಲಿದಿರಬೇಕು ಅಂದುಕೊಂಡೆ. ಆ ಖಾಕಿ ಧೂಳನ್ನು ಎಸೆಯೋಕೆ ಮನಸ್ಸಾಗಲಿಲ್ಲ, ಒಂದು ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದೇನೆ.

ಮೈ ಒರೆಸುವಾಗ ಜೋಪಾನ. ಕಪ್ಪು ಬಣ್ಣದ ಮೇಲಿನ ಬಂಗಾರದ ಚಿತ್ತಾರಕ್ಕೆ ಸ್ಪಿರಿಟ್ ತಾಗಿಸಿದರೆ ಮೇಲಿನ ಅರಗಿನ ಲೇಪ ಕರಗಿ ಚಿತ್ತಾರವೂ ಹೋಗುತ್ತದೆ. ಮೆತ್ತನೆ ಹತ್ತಿ ಬಟ್ಟೆಗೆ ಮೆಷಿನ್ ಆಯಿಲ್ ಹಚ್ಚಿ ನಿಧಾನಕ್ಕೆ ಒರೆಸಿ, ಸಾಕು. ತುಸು ಸವೆದ ಚಿತ್ತಾರದ ಮೆಷಿನ್ನೇ ಕೊಳ್ಳಿ ಅಂತ ನಾನು ಹೇಳುತ್ತೇನೆ. ಹೊಸದಾಗಿ ಬಣ್ಣ ಹೊಡೆದು ಸ್ಟಿಕ್ಕರ್ ಅಂಟಿಸಿ ಫಳಫಳ ಮಾಡಿದ್ದರ ಒಳಗೆ ಏನಿದೆ ಅಂತ ತಿಳಿಯುವುದು ಕಷ್ಟ, ಎಣ್ಣೆಯ ತೂತುಗಳಲ್ಲೂ ಬಣ್ಣ ತುಂಬಿರುತ್ತದೆ. ಬೆಲೆ ಲಕ್ಷಗಟ್ಟಲೆ ಹೇಳಿದರೆ ಸುಮ್ನೆ ಎದ್ದು ಬನ್ನಿ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಹಳೆ ಸಿಂಗರ್ ಒಳಗೆ ಕೆಂಪು ಪಾದರಸ ಅನ್ನೋ ಭಾರಿ ಬೆಲೆಯ ವಸ್ತು ಇದೆ ಅನ್ನೋ ಗಾಳಿಸುದ್ದಿ ಎದ್ದು ಜನ ಹುಚ್ಚುಹುಚ್ಚಾಗಿ ಹಣ ಸುರಿದರು. ಅಂಥದ್ದೇನೂ ಅದರೊಳಗೆ ಇಲ್ಲ. ಇರುವುದು ಕಬ್ಬಿಣ, ಉಕ್ಕು.

ಈಗ ಕೌದಿ

ಕೌದಿ ಬೇಕು ಅನ್ನುವವರಿಗೆ ಮೂರು ದಾರಿ ಇವೆ. ಹಳೆಯದನ್ನು ಕೊಳ್ಳುವುದು, ಮನೆಯ ಸೀರೆ ಕೊಟ್ಟು ಹೊಲಿಸುವುದು, ನಾವೇ ಹೊಲಿಯುವುದು.

ಹಳೆಯದನ್ನು ಕೊಳ್ಳುವಾಗ ಚಿತ್ತಾರಕ್ಕಿಂತ ಮೊದಲು ಬಟ್ಟೆ ನೋಡಿ. ಬೆರಳ ನಡುವೆ ಹಿಡಿದು ಮೆಲ್ಲಗೆ ಉಜ್ಜಿ. ಹತ್ತಿಯದಾದರೆ ಮೆತ್ತಗೆ, ತುಸು ತಂಪಾಗಿರುತ್ತದೆ. ಇಳಕಲ್ ಸೀರೆ, ಧೋತರ, ಗುಳೇದಗುಡ್ಡದ ಖಣದ ತುಂಡು ಇರುವ ಕೌದಿಗಳು ಹೊದ್ದರೆ ಮೈಗೆ ಕೂರುತ್ತವೆ. ಪಾಲಿಯೆಸ್ಟರ್ ಸೀರೆಗಳು ಮನೆಮನೆಗೆ ಬಂದ ಮೇಲೆ ಹೊಲಿದ ಕೌದಿಗಳು ಬಣ್ಣ ಹೋಗದೆ ಗಟ್ಟಿಯಾಗಿರುತ್ತವೆ, ಬೆವರು ಮಾತ್ರ ಹೀರುವುದಿಲ್ಲ. ಹಾಸೋಕೆ, ಜೋಲಿ ಕೆಳಗೆ ಹಾಕೋಕೆ ಅವು ಸರಿ. ಕೂಸಿಗೆ ಹೊದಿಸೋಕೆ ಹತ್ತಿಯದೇ ಬೇಕು. ಬಟ್ಟೆ ಬೆರಳಲ್ಲಿ ಪುಡಿ ಪುಡಿಯಾಗುತ್ತಿದ್ದರೆ ಅದು ಬಳಸುವ ಕಾಲ ದಾಟಿದ ಕೌದಿ, ಗೋಡೆಗೂ ತೂಗುಹಾಕಬೇಡಿ, ತನ್ನ ಭಾರಕ್ಕೇ ಹರಿಯುತ್ತದೆ. ಮಲಗಿಸಿ ಇಡಬೇಕು.

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕೌದಿಯ ರೀತಿಯೇ ಬೇರೆ. ಅವರು ಅಂಚಿನಿಂದ ಶುರು ಮಾಡಿ ಒಳಗೆ ಒಳಗೆ ತುಂಡು ಇಡುತ್ತಾ ಹೋಗುತ್ತಾರೆ, ಎಲ್ಲ ಕೈಹೊಲಿಗೆ. ಮುಗಿಸುವಾಗ ನಾಲ್ಕೂ ಮೂಲೆಗೆ ಮಡಚಿದ ಪುಟ್ಟ ತ್ರಿಕೋನಗಳನ್ನು ಹೊಲಿಯುತ್ತಾರೆ. ಅದು ಫೂಲ, ಅಂದರೆ ಹೂವು. ಹೂವಿಲ್ಲದ ಕೌದಿ ಅವರ ಲೆಕ್ಕದಲ್ಲಿ ಬರಿಮೈಯದು. ಅಂಥ ಕೌದಿ ಬೇಕಿದ್ದರೆ ಹಳೆಯದಕ್ಕೆ ಹುಡುಕಾಡುವ ಬದಲು ಹೊಲಿಯುವವರಿಂದಲೇ ಹೊಸದನ್ನು ಕೊಳ್ಳಿ. ಕೂಲಿಯ ವಿಷಯದಲ್ಲಿ ಚೌಕಾಸಿ ಮಾಡಬೇಡಿ, ದಯವಿಟ್ಟು. ಒಂದು ಕೌದಿಯಲ್ಲಿ ಎಷ್ಟು ಸಾವಿರ ಹೊಲಿಗೆ ಇರುತ್ತದೆ ಅಂತ ಒಂದು ಗೇಣು ಎಣಿಸಿ ನೋಡಿದರೆ ಗೊತ್ತಾಗುತ್ತದೆ.

ಮನೆಯ ಸೀರೆ ಕೊಟ್ಟು ಹೊಲಿಸುವುದು ನನಗೆ ಎಲ್ಲಕ್ಕಿಂತ ಇಷ್ಟದ ದಾರಿ. ಧಾರವಾಡದ ಕಡೆ ಊರೂರು ತಿರುಗಿ ಕೌದಿ ಹೊಲಿದು ಕೊಡುವ ಹೆಣ್ಣುಮಕ್ಕಳು ಈಗಲೂ ಇದ್ದಾರೆ, ಮೊದಲಿನಷ್ಟಿಲ್ಲ. ಅಂಥ ಒಬ್ಬ ಅಜ್ಜಿ ನಮ್ಮ ಪಡಸಾಲೆಯಲ್ಲಿ ಕೂತು ಹೊಲಿಯುವಾಗ "ಬೇಗ ಆಗಲಿ ಅಂದರೆ ಪದರಗಳಿಗೆ ನಾನು ಮೆಷಿನ್ ಹೊಡೆದು ಕೊಡಲಾ?" ಅಂತ ಕೇಳಿದೆ. ಅಜ್ಜಿ ತಲೆ ಎತ್ತದೆ ಹೇಳಿದಳು: "ಬ್ಯಾಡವ್ವಾ ತಂಗಿ. ಮಷಿನ್ ಹೊಡದ್ರ ಕೌದಿ ಹಲಗಿ ಆಗತೈತಿ, ಮೈಗೆ ಅಂಟೂದಿಲ್ಲ."

ಅದು ಪೂರಾ ನಿಜ. ಮೆಷಿನ್‌ನಲ್ಲಿ ಮೇಲೊಂದು ಕೆಳಗೊಂದು ದಾರ ಬಿಗಿಯಾಗಿ ಹಿಡಿದು ಪದರಗಳನ್ನು ಅದುಮುತ್ತವೆ. ಕೈಹೊಲಿಗೆಯಲ್ಲಿ ಒಂದೇ ದಾರ, ಮೇಲೆ ಕೆಳಗೆ ಹಾಯುತ್ತಾ ಹೋಗುತ್ತದೆ, ಪದರಗಳ ನಡುವೆ ಗಾಳಿಗೆ ಜಾಗ ಉಳಿಯುತ್ತದೆ. ಬೆಚ್ಚಗಿಡುವುದು ಆ ಗಾಳಿಯೇ. ಇನ್ನೊಂದು ಅಡಚಣೆಯೂ ಇದೆ. ಪೂರ್ತಿ ಗಾತ್ರದ ಮೆಷಿನ್ನಿನಲ್ಲೂ ಸೂಜಿಗೂ ಕಂಬಕ್ಕೂ ನಡುವೆ ಸಿಗುವುದು ಸುಮಾರು 8 ಇಂಚು, ಚಿಕ್ಕ ಮೆಷಿನ್ನುಗಳಲ್ಲಿ ಇನ್ನೂ ಕಮ್ಮಿ. ಫುಟ್ ಎತ್ತಿದರೆ ಸಿಗುವ ಸಂದು ಕಿರುಬೆರಳಿನ ದಪ್ಪವೂ ಇಲ್ಲ. ನಾಲ್ಕೈದು ಸೀರೆ ಪದರದ, 5 ಅಡಿ ಅಗಲದ ಕೌದಿಯನ್ನು ಸುರುಳಿ ಸುತ್ತಿ ಅದರಲ್ಲಿ ತೂರಿಸೋಕೆ ಹೋದರೆ ಹೊಲಿಗೆಯೂ ಸೊಟ್ಟ, ತೋಳೂ ನೋವು.

ಹಾಗಾಗಿ ನಾನೇ ಹೊಲಿಯುವಾಗ ಕೆಲಸವನ್ನು ಹಂಚಿಬಿಡುತ್ತೇನೆ. ಮೇಲ್ಪದರದ ತುಂಡುಗಳನ್ನು ಕೈ ಮೆಷಿನ್‌ನಲ್ಲಿ, ಉದ್ದ ಪಟ್ಟಿಗಳನ್ನು ಕಾಲು ಮೆಷಿನ್‌ನಲ್ಲಿ ಜೋಡಿಸುತ್ತೇನೆ. ಹೊಲಿಗೆ ಉದ್ದವನ್ನು ದೊಡ್ಡದಕ್ಕೇ ಇಡುತ್ತೇನೆ, ಇಂಚಿಗೆ ಹತ್ತರ ಮೇಲೆ ಹೋಗುವುದಿಲ್ಲ. ಆಮೇಲೆ ಪದರಗಳನ್ನು ನೆಲಕ್ಕೆ ಹಾಸಿ, ಸುಕ್ಕು ತೆಗೆದು, ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ, ಒಳಗಿನದೆಲ್ಲ ಕೈಯಲ್ಲೇ. ಕೊನೆಗೆ ಅಂಚಿನ ಪಟ್ಟಿಯ ಮೊದಲ ಹೊಲಿಗೆಗೆ ಮತ್ತೆ ಕಾಲು ಮೆಷಿನ್ ಹತ್ತಿರ ಹೋಗುತ್ತೇನೆ, 18 ನಂಬರ್ ಸೂಜಿ ಹಾಕಿ, ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಾ. ಸೀರೆ ಕತ್ತರಿಸುವ ಮೊದಲು ಬೆಳಕಿಗೆ ಹಿಡಿದು ನೋಡಿ, ಮೊಣಕಾಲ ಜಾಗ, ಕೂರುವ ಜಾಗ ಎಲ್ಲಕ್ಕಿಂತ ತೆಳುವಾಗಿರುತ್ತದೆ, ಅದು ಒಳಪದರಕ್ಕೆ. ಸೆರಗು ಗಟ್ಟಿ, ಅದು ಮೇಲಕ್ಕೆ. ಕೆಂಪು, ನೀಲಿ ಬಟ್ಟೆ ಇದ್ದರೆ ಒದ್ದೆ ಮಾಡಿದ ಬಿಳಿ ಹತ್ತಿ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಒತ್ತಿಡಿ. ಬಿಳಿಗೆ ಬಣ್ಣ ಹತ್ತಿದರೆ ಆ ತುಂಡನ್ನು ನೀರು ತಿಳಿಯಾಗುವ ತನಕ ಬೇರೆ ತೊಳೆದೇ ಜೋಡಿಸಬೇಕು.

ಹಳೆ ಕೌದಿಯ ರಿಪೇರಿಗೆ ಮೆಷಿನ್ ಬೇಡ, ಯಾವುದೂ ಬೇಡ, ಎಷ್ಟೇ ನಿಧಾನದ ಕೈ ಮೆಷಿನ್ ಆದರೂ. ಹರಕನ್ನು ಕತ್ತರಿಸಿ ನೇರ ಮಾಡೋಕೂ ಹೋಗಬೇಡಿ. ಅಷ್ಟೇ ಹಳೆಯ, ಅಷ್ಟೇ ಮೆತ್ತನೆಯ ಹತ್ತಿ ಬಟ್ಟೆ ತಗೊಂಡು, ಹರಕಿಗಿಂತ ನಾಲ್ಕು ಬೆರಳು ದೊಡ್ಡದಾಗಿ ಕತ್ತರಿಸಿ, ಮೇಲೆ ಇಟ್ಟು, ಹತ್ತಿ ದಾರದಲ್ಲಿ ಸಡಿಲವಾಗಿ ಹೊಲಿಯಿರಿ. ಪಾಲಿಯೆಸ್ಟರ್ ದಾರ ಹಳೆ ಹತ್ತಿಗಿಂತ ಗಟ್ಟಿ, ಎಳೆದಾಗ ಬಟ್ಟೆಯನ್ನೇ ಕೊಯ್ಯುತ್ತದೆ. ಒಗೆಯುವಾಗ ಅಗಲ ಬೋಗುಣಿಯಲ್ಲೋ ಟಬ್ಬಿನಲ್ಲೋ ತಣ್ಣೀರಲ್ಲಿ ನೆನೆಸಿ, ಕೈಯಿಂದ ಒತ್ತಿ ನೀರು ತೆಗೆಯಿರಿ, ಹಿಂಡಬೇಡಿ, ಕಲ್ಲಿಗೆ ಬಡಿಯಬೇಡಿ. ಹಗ್ಗಕ್ಕೂ ಹಾಕಬೇಡಿ, ಒದ್ದೆ ಕೌದಿಯ ಭಾರಕ್ಕೆ ಹಳೆ ದಾರ ಪಟಪಟ ಕಡಿಯುತ್ತದೆ. ತಾರಸಿ ಮೇಲೆ ಚಾದರ ಹಾಸಿ, ಅದರ ಮೇಲೆ ಹರಡಿ, ಮೇಲೊಂದು ತೆಳು ಪಂಚೆ ಹೊದಿಸಿದರೆ ಬಿಸಿಲಿಗೆ ಬಣ್ಣ ಮಾಸುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಹಳೆ ಹತ್ತಿ ಸೀರೆಯಲ್ಲಿ ಸುತ್ತಿ ಬೇವಿನ ಎಲೆ ಇಡಿ. ಮಳೆಗಾಲಕ್ಕೊಮ್ಮೆ, ಚಳಿಗಾಲಕ್ಕೊಮ್ಮೆ ತೆಗೆದು ಬೇರೆ ಗೆರೆಯಲ್ಲಿ ಮಡಚಿ.

ಆಯಿಯ ಕೌದಿಯ ಆ ಮೊಳದ ಹರಕನ್ನು ಹೋದ ಚಳಿಗಾಲದಲ್ಲಿ ಹೊಲಿದೆ. ಮೊದಲು ನಾನು ಹೊಡೆದಿದ್ದ ಮೆಷಿನ್ ದಾರವನ್ನು ಒಂದೊಂದೇ ಹೊಲಿಗೆ ಕತ್ತರಿಸಿ ಬಿಚ್ಚಬೇಕಾಯಿತು, ಅದಕ್ಕೇ ಎರಡು ಸಂಜೆ ಹಿಡಿಯಿತು. ಮೇಲೆ ಇಟ್ಟಿದ್ದು ಅವ್ವನ ಹಳೆ ಧಾರವಾಡ ಸೀರೆಯ ತುಂಡು. ಹಿಂಬದಿಯ ಮೂಲೆಗೆ ಎರಡು ಇಂಚಿನ ಬಿಳಿ ಪಟ್ಟಿ ಹಚ್ಚಿದ್ದೇನೆ, ಯಾರ ಸೀರೆ, ಯಾರು ಹೊಲಿದದ್ದು, ಯಾವ ವರ್ಷ ಅಂತ. ಪೆನ್ನಿನಲ್ಲಿ ಬರೆದರೆ ಒಗೆದಾಗ ಶಾಯಿ ಹರಡುತ್ತದೆ, ಅದಕ್ಕೆ ಅಕ್ಷರಗಳನ್ನು ಕೆಂಪು ದಾರದಲ್ಲಿ ಹೊಲಿದೆ.